ಬಿಡಿಸಿದ ಮೇಲೆ ಕಂಡ ಇರುವೆ

ಇರುವೆ ನೋಡದ ಮಗು ಇಲ್ಲ. ಬೆಲ್ಲದ ಡಬ್ಬಿಯಿಂದ ಹಿಡಿದು ಶಾಲೆಯ ಜಗುಲಿಯ ಬಿರುಕಿನವರೆಗೆ ದಿನವೂ ಕಣ್ಣಿಗೆ ಬೀಳುವ ಜೀವಿ ಅದು. ಆದರೂ ಮೂರನೇ ತರಗತಿಯ ಮಕ್ಕಳಿಗೆ ‘ಒಂದು ಇರುವೆ ಬಿಡಿಸಿ’ ಎಂದು ಹೇಳಿ ನೋಡಿ. ಎರಡೋ ಮೂರೋ ಸೊನ್ನೆ ಸುತ್ತಿ, ಅವುಗಳ ಉದ್ದಕ್ಕೂ ಕಾಲು ಎಳೆದಿರುತ್ತಾರೆ. ಒಬ್ಬನ ಇರುವೆಗೆ ನಾಲ್ಕು ಕಾಲು, ಇನ್ನೊಬ್ಬಳದಕ್ಕೆ ಹತ್ತು. ಹೆಚ್ಚಿನವಕ್ಕೆ ನಗುವ ಬಾಯಿ ಬೇರೆ. ಕಸುಬು ಬಲ್ಲ ಶಿಕ್ಷಕಿ ಈಗ ತಿದ್ದಲು ಹೋಗುವುದಿಲ್ಲ. ಹಾಳೆಗಳನ್ನು ಹಾಗೇ ಎತ್ತಿಟ್ಟು, ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಚಿಟಿಕೆ ಸಕ್ಕರೆ ಉದುರಿಸಿ, ನಾಲ್ವರಿಗೊಂದು ಭೂತಗನ್ನಡಿ ಕೊಟ್ಟು ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ: ಕಾಲು ಎಲ್ಲಿಂದ ಹೊರಟಿದೆ?

ಉತ್ತರ ಬೇಕೆಂದರೆ ಮಂಡಿಯೂರಿ ಕೂರಬೇಕು, ಓಡುವ ಇರುವೆಯ ಹಿಂದೆ ಕಣ್ಣು ಓಡಿಸಬೇಕು. ಸ್ವಲ್ಪ ಹೊತ್ತಿಗೆ ಕೂಗಾಟ ಶುರುವಾಗುತ್ತದೆ. ಮೈ ಮೂರು ಭಾಗ, ಕಾಲು ಆರು, ಆರೂ ನಡುವಿನ ಭಾಗದಿಂದಲೇ ಹೊರಟಿವೆ. ತಲೆಗೂ ಇಲ್ಲ, ಹೊಟ್ಟೆಗೂ ಇಲ್ಲ. ತಲೆಯ ಮೇಲಿನ ಮೀಸೆ ನೆಟ್ಟಗಿಲ್ಲ, ನಡುವೆ ಮಡಚಿದೆ. ಒಳಗೆ ಬಂದು ಎರಡನೇ ಚಿತ್ರ ಬಿಡಿಸಿದಾಗ ಮೊದಲಿನದನ್ನು ಪಕ್ಕದಲ್ಲಿಟ್ಟರೆ ಸಾಕು, ಶಿಕ್ಷಕಿ ಬಾಯಿ ತೆರೆಯಬೇಕಾಗಿಲ್ಲ. ಮರುದಿನ ಕಿಟಕಿಯ ಮೂಲೆಯಲ್ಲಿ ಜೇಡ ಸಿಕ್ಕರೆ ಅದರ ಕಾಲನ್ನೂ ಎಣಿಸುತ್ತಾರೆ. ಎಂಟು ಬರುತ್ತದೆ, ಮೈ ಎರಡೇ ಭಾಗ. ‘ಹಾಗಾದರೆ ಇದು ಇರುವೆಯ ಪೈಕಿ ಅಲ್ಲ’ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಕೀಟಗಳಿಗೆ ಆರು ಕಾಲು ಎಂಬ ಪಠ್ಯಪುಸ್ತಕದ ಸಾಲು ಆ ಮಗುವಿಗೆ ಇನ್ನು ಬಾಯಿಪಾಠದ ವಿಷಯವಾಗಿ ಉಳಿದಿರುವುದಿಲ್ಲ.

ಪ್ರಾಥಮಿಕ ತರಗತಿಯಲ್ಲಿ ಚಿತ್ರವನ್ನು ಪಾಠದೊಳಕ್ಕೆ ತರುವ ಕೆಲಸದ ತಿರುಳು ಇಲ್ಲಿದೆ ಎಂದು ನಾನು ನಂಬಿದ್ದೇನೆ. ಪಾಠ ಮುಗಿದ ಮೇಲೆ ಅಚ್ಚು ಹಾಕಿದ ಆನೆಗೆ ಬಣ್ಣ ತುಂಬಿಸುವುದು ಹೊತ್ತು ಕಳೆಯುವ ದಾರಿ. ಬಿಡಿಸುತ್ತ ಬಿಡಿಸುತ್ತ ಪಾಠವೇ ಬಿಚ್ಚಿಕೊಳ್ಳುವುದು ಬೇರೆ. ಕೈ ನಿಧಾನವಾಗಿ ಓಡುವುದರಿಂದ ಕಣ್ಣೂ ನಿಧಾನವಾಗುತ್ತದೆ, ಗೊತ್ತಿದೆ ಎಂದುಕೊಂಡದ್ದು ಗೊತ್ತಿಲ್ಲ ಎಂದು ಹಾಳೆಯ ಮೇಲೆ ಬಯಲಾಗುತ್ತದೆ. ಆ ಗಳಿಗೆಗೆ ಸರಿಯಾದ ಪ್ರಶ್ನೆಯನ್ನು ಸಿದ್ಧವಾಗಿಟ್ಟುಕೊಳ್ಳುವುದರಲ್ಲಿ ಶಿಕ್ಷಕಿಯ ಜಾಣ್ಮೆ ಇದೆ. ಆಕೆಗೆ ಚೆನ್ನಾಗಿ ಚಿತ್ರ ಬರೆಯಲು ಬರಬೇಕೆಂದೇನೂ ಇಲ್ಲ. ಬಂದರೂ ಮಗುವಿನ ಹಾಳೆಯ ಮೇಲೆ ತನ್ನ ಪೆನ್ಸಿಲ್ ಇಡದಿರುವ ಸಂಯಮ ಬೇಕು.

ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ಬಂದಿರುವ ಒಂದು ಚಿತ್ರವಿದೆ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಇಳಿದು ಬರುವ ನದಿ, ಪಕ್ಕದಲ್ಲಿ ಹೆಂಚಿನ ಮನೆ, ಒಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಗುಡ್ಡವೇ ಕಾಣದ ರಾಯಚೂರಿನ ಎರೆಭೂಮಿಯ ಮಗುವೂ ಇದನ್ನೇ ಬಿಡಿಸುತ್ತದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವೂ ಇದನ್ನೇ ಬಿಡಿಸುತ್ತದೆ. ಅದು ಅವರ ತಪ್ಪಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ನಕಲು ಮಾಡಿದರೆ ‘ಗುಡ್’ ಬೀಳುತ್ತದೆಂದು ಅವರಿಗೆ ನಾವೇ ಕಲಿಸಿದ್ದೇವೆ. ‘ನಿನ್ನ ಇಷ್ಟದ ಚಿತ್ರ ಬಿಡಿಸು’ ಎಂದರೂ ಅದೇ ಬರುತ್ತದೆ. ‘ಬೆಳಿಗ್ಗೆ ನಲ್ಲಿ ಮುಂದೆ ಯಾರು ಯಾರು ನಿಂತಿದ್ದರು, ಬಿಡಿಸು’ ಎಂದರೆ ಗುಡ್ಡ ತಾನಾಗಿ ಮಾಯವಾಗುತ್ತದೆ. ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು, ಸರತಿಯಲ್ಲಿ ಇಟ್ಟ ಕಲ್ಲು, ಜಗಳವಾಡುವ ಇಬ್ಬರು ಹೆಂಗಸರು ಹಾಳೆಗೆ ಬರುತ್ತಾರೆ.

ಆ ಹೆಂಗಸರಲ್ಲಿ ಒಬ್ಬಳು ಮನೆಗಿಂತ ದೊಡ್ಡವಳಾಗಿದ್ದರೆ, ಗೋಡೆಯ ಆಚೆಗಿರುವ ಒಲೆಯೂ ತೊಟ್ಟಿಲೂ ಹೊರಗೇ ಕಾಣುತ್ತಿದ್ದರೆ ಗಾಬರಿಯಾಗಬೇಕಿಲ್ಲ. ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಹೊರತಂದ ಗ್ರಂಥದಲ್ಲಿ ಮಕ್ಕಳ ಚಿತ್ರಗಳು ವಯಸ್ಸಿನೊಂದಿಗೆ ಹಂತಹಂತವಾಗಿ ಹೇಗೆ ಬದಲಾಗುತ್ತವೆಂದು ವಿವರಿಸಿದ್ದರು. ಏಳೆಂಟು ವರ್ಷದ ಮಗು ಕಂಡದ್ದಕ್ಕಿಂತ ತನಗೆ ತಿಳಿದದ್ದನ್ನು ಬರೆಯುತ್ತದೆ, ಮುಖ್ಯವಾದುದನ್ನು ದೊಡ್ಡದು ಮಾಡುತ್ತದೆ, ಎಲ್ಲರನ್ನೂ ಹಾಳೆಯ ಕೆಳಗಿನ ಒಂದೇ ಗೆರೆಯ ಮೇಲೆ ನಿಲ್ಲಿಸುತ್ತದೆ. ಇದು ತಿಳಿದ ಶಿಕ್ಷಕಿ ‘ಮನುಷ್ಯ ಮನೆಗಿಂತ ದೊಡ್ಡವನಾ?’ ಎಂದು ಗದರುವ ಬದಲು ‘ಇವರು ಯಾರು?’ ಎಂದು ಕೇಳುತ್ತಾಳೆ.

ಈ ಕಸುಬಿಗೆ ನಮ್ಮಲ್ಲೇ ದೊಡ್ಡ ಪರಂಪರೆ ಇದೆ. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸ್ ಅದನ್ನು ಬೆಳೆಸಿದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪ ಮತ್ತು ನಂದಲಾಲ್ ಇಬ್ಬರೂ ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ನಂದಲಾಲರ ಬಳಿ ಕಲಿತ ದೇವಿಪ್ರಸಾದ್ 1944ರಲ್ಲಿ ಸೇವಾಗ್ರಾಮಕ್ಕೆ ಬಂದು, ಗಾಂಧೀಜಿಯ ನಯೀ ತಾಲೀಮ್ ಶಾಲೆಯಲ್ಲಿ ಹಲವು ವರ್ಷ ಮಕ್ಕಳಿಗೆ ಕಲೆ ಕಲಿಸಿದರು. ನೂಲುವುದು, ತೋಟ, ಅಡುಗೆ, ಚರಂಡಿ ಸ್ವಚ್ಛ ಮಾಡುವುದು ಎಲ್ಲವೂ ಪಾಠವಾಗಿದ್ದ ಆ ಶಾಲೆಯಲ್ಲಿ ಚಿತ್ರ ಮಾತ್ರ ಬೇರೆ ಪಿರಿಯಡ್ ಆಗಿ ಉಳಿಯುವುದು ಸಾಧ್ಯವೂ ಇರಲಿಲ್ಲ. ಆ ಅನುಭವದಿಂದ ಅವರು ಬರೆದ ‘ಶಿಕ್ಷಾ ಕಾ ವಾಹನ ಕಲಾ’ ಎಂಬ ಪುಸ್ತಕವನ್ನು ಪ್ರಾಥಮಿಕ ಶಾಲಾ ಶಿಕ್ಷಕರೆಲ್ಲ ಓದಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಎಲ್ಲ ವಿಷಯಗಳೊಂದಿಗೆ ಬೆಸೆಯಬೇಕೆಂದು ಹೇಳಿದ್ದು ಅದೇ ಹಳೆಯ ಮಾತನ್ನು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ ಜಾಗ ಮಾಡಿಕೊಟ್ಟದ್ದು ನಲಿಕಲಿ. 1990ರ ದಶಕದ ನಡುವೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿಯ ಕಾರ್ಡು ಪದ್ಧತಿಯನ್ನು ಕಂಡು ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ಕಟ್ಟಿಕೊಂಡ ಕ್ರಮ ಅದು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವಂತೆ ಕಪ್ಪು ಹಲಗೆ, ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರದ ಚಪ್ಪರ, ಆ ದಾರಕ್ಕೆ ನೇತು ಹಾಕಿದ ಮಕ್ಕಳ ಕೆಲಸ. ಆ ಚಪ್ಪರದ ಮೇಲೆ ನನಗೆ ವಿಶೇಷ ಪ್ರೀತಿ. ಅಲ್ಲಿ ಮೊದಲ ಬಹುಮಾನದ ಚಿತ್ರ ಮಾತ್ರ ತೂಗುವುದಿಲ್ಲ, ಎಲ್ಲರದೂ ತೂಗುತ್ತದೆ.

ಈಗ ಗಣಿತಕ್ಕೆ ಬರೋಣ, ಏಕೆಂದರೆ ಇಲ್ಲಿ ನಮ್ಮ ಅಂಗಳದಲ್ಲೇ ಸಿಗುವಷ್ಟು ಸಂಪತ್ತು ಬೇರೆಡೆ ಸಿಗುವುದು ಕಷ್ಟ. ಚುಕ್ಕಿ ರಂಗೋಲಿಯನ್ನು ಹಾಕುವ ಅಜ್ಜಿಯನ್ನು ಒಂದು ದಿನ ಶಾಲೆಗೆ ಕರೆಯಿರಿ. ‘ಸಂದು ಚುಕ್ಕಿ, 7ರಿಂದ 4’ ಎಂದು ಹೇಳಿ ಆಕೆ ಜಗುಲಿಯ ಮೇಲೆ ಚುಕ್ಕಿ ಇಡುತ್ತಾಳೆ. ನಡುವಿನ ಸಾಲಿನಲ್ಲಿ ಏಳು, ಅದರ ಮೇಲೂ ಕೆಳಗೂ ಎರಡು ಚುಕ್ಕಿಗಳ ಸಂದಿಗೆ ಒಂದರಂತೆ ಆರು, ಆಮೇಲೆ ಐದು, ಆಮೇಲೆ ನಾಲ್ಕು. ಒಟ್ಟು ಎಷ್ಟು? ಮಕ್ಕಳು ಬೆರಳಿಟ್ಟು ಎಣಿಸುತ್ತಾರೆ, ಅರ್ಧದಲ್ಲಿ ಲೆಕ್ಕ ತಪ್ಪುತ್ತಾರೆ, ಮತ್ತೆ ಶುರು ಮಾಡುತ್ತಾರೆ. ಕೊನೆಗೆ 37 ಎಂದು ಒಪ್ಪಂದವಾಗುತ್ತದೆ. ಆಗ ಶಿಕ್ಷಕಿ ನಟ್ಟನಡುವಿನ ಒಂದು ಚುಕ್ಕಿಗೆ ಕೆಂಪು ಸೀಮೆಸುಣ್ಣ ಮುಟ್ಟಿಸಿ, ಅದನ್ನು ಸುತ್ತುವರಿದ ಚುಕ್ಕಿಗಳನ್ನು ಹಳದಿ ಮಾಡಿಸಬೇಕು. ಆರು. ಅದರಾಚೆಯ ಸುತ್ತು ನೀಲಿ. ಹನ್ನೆರಡು. ಕೊನೆಯ ಸುತ್ತು ಬಿಳಿ. ಹದಿನೆಂಟು. ಆರು, ಹನ್ನೆರಡು, ಹದಿನೆಂಟು ಎಂದು ಓದುತ್ತಿದ್ದಂತೆ ತರಗತಿ ಒಟ್ಟಾಗಿ ರಾಗ ಹಿಡಿಯುತ್ತದೆ. ಆರರ ಮಗ್ಗಿ ಅಂಗಳದಲ್ಲಿ ಸುತ್ತು ಸುತ್ತಾಗಿ ಕೂತಿದೆ. ಇನ್ನೊಂದು ಸುತ್ತು ಹಾಕಿದರೆ ಎಷ್ಟು ಚುಕ್ಕಿ ಬೇಕು ಎಂದು ಕೇಳಿದರೆ ಎಣಿಸದೇ ಹೇಳುತ್ತಾರೆ.

ನೇರ ಚುಕ್ಕಿಯಲ್ಲಿ ಇನ್ನೊಂದು ಗುಟ್ಟಿದೆ. 7ರಿಂದ ಎರಡೆರಡು ಕಡಿಮೆ ಮಾಡುತ್ತಾ 1ಕ್ಕೆ ಇಳಿಸಿದರೆ ಸಾಲುಗಳು 1, 3, 5, 7, 5, 3, 1. ಒಟ್ಟು 25. ಮೂಲೆಯ ಚುಕ್ಕಿ ಕೆಂಪಾಗಿರಲಿ, ಅದರ ಪಕ್ಕದ್ದು ಬಿಳಿ, ಮತ್ತೆ ಕೆಂಪು, ಹೀಗೆ ಉದ್ದಕ್ಕೂ ಅಡ್ಡಕ್ಕೂ ಒಂದು ಬಿಟ್ಟು ಒಂದು ಬಣ್ಣ ಹಾಕಿ ತಲೆ ಸ್ವಲ್ಪ ಓರೆ ಮಾಡಿ ನೋಡಿದರೆ, ಕೆಂಪು ಚುಕ್ಕಿಗಳು ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕರಂತೆ, ಬಿಳಿಯವು ಮೂರು ಸಾಲಿನಲ್ಲಿ ಮೂರು ಮೂರರಂತೆ ನಿಂತಿರುತ್ತವೆ. 16 ಮತ್ತು 9. ಐದನೇ ತರಗತಿಯ ಮಗುವಿಗೆ ವರ್ಗಸಂಖ್ಯೆಯನ್ನು ಇದಕ್ಕಿಂತ ಚೆನ್ನಾಗಿ ಪರಿಚಯಿಸುವ ದಾರಿ ನನಗೆ ಗೊತ್ತಿಲ್ಲ. ಸಮಮಿತಿಯ ಪಾಠವಂತೂ ಕೇಳುವುದೇ ಬೇಡ. ರಂಗೋಲಿಯ ಕಾಲು ಭಾಗವನ್ನು ಒಬ್ಬಳು ಬಿಡಿಸಿ, ಉಳಿದದ್ದನ್ನು ಪಕ್ಕದವನು ಪೂರ್ತಿ ಮಾಡಿದರೆ ಆಯಿತು. ‘ಪಕ್ಕದವನು’ ಎಂದು ಬೇಕೆಂದೇ ಬರೆದೆ. ರಂಗೋಲಿ ಹೆಣ್ಣುಮಕ್ಕಳ ಕೆಲಸ ಎಂದು ಹಿಂದೆ ಸರಿಯುವ ಹುಡುಗರನ್ನು ಈ ಜಗುಲಿಯಲ್ಲಿ ಮೊದಲ ಸಾಲಿನಲ್ಲೇ ಕೂರಿಸಬೇಕು.

ಬಣ್ಣಕ್ಕೆ ದುಡ್ಡಿಲ್ಲ ಎಂಬ ಮಾತು ಸುಳ್ಳಲ್ಲ. ಆದರೆ ಬಣ್ಣ ಕೊಳ್ಳಲಾಗದ ಶಾಲೆಯಲ್ಲಿ ಬಣ್ಣ ಮಾಡುವುದೇ ಪಾಠವಾಗಬಹುದು. ಸಾಗರದ ಸುತ್ತಮುತ್ತಲಿನ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುವುದು ಅಂಗಡಿಯ ಬಣ್ಣದಿಂದಲ್ಲ. ಅಕ್ಕಿ ಹಿಟ್ಟಿನಿಂದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿ ನಾರಿನದು. ಆ ಸೀಮೆಯ ಶಾಲೆಯಲ್ಲಿ ಮಕ್ಕಳ ಅಮ್ಮನೋ ದೊಡ್ಡಮ್ಮನೋ ಬಂದು ಒಂದೆಳೆ ನೇರವಾಗಿ ಎಳೆಯುವುದನ್ನು ತೋರಿಸಿದರೆ ತ್ರಿಕೋನ, ಚೌಕ, ಸಮಾಂತರ ರೇಖೆ ಎಲ್ಲವೂ ಗೋಡೆಯ ಮೇಲೇ ಸಿಗುತ್ತವೆ. ಬೇರೆ ಊರಿನವರು ತಮ್ಮ ಊರಿನ ಮಣ್ಣು ಹುಡುಕಬಹುದು. ಜಾಲಿ ಮರದ ಅಂಟು ನೀರಿನಲ್ಲಿ ಕರಗಿಸಿ ಬೆರೆಸಿದರೆ ಬಣ್ಣ ಹಾಳೆಗೆ ಹಿಡಿಯುತ್ತದೆ.

ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆಂದು ಆರತಿ ತಟ್ಟೆ ಕಂಡ ಮಕ್ಕಳಿಗೆಲ್ಲ ಗೊತ್ತು. ಅದರಲ್ಲಿ ಹೂ ಬಿಡಿಸಿ, ಒಣಗಿದ ಮೇಲೆ ಒಂದು ದಳದ ಮೇಲೆ ನಿಂಬೆರಸದ ಹನಿ ಬೀಳಿಸಲಿ. ಅಷ್ಟು ಜಾಗ ಮತ್ತೆ ಹಳದಿಯಾಗುತ್ತದೆ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆ ಹಿಂಡಿದರೆ ನೇರಳೆ. ಇನ್ನೂ ಒಂದು ಇದೆ. ಅರಿಶಿನದಲ್ಲಿ ಬರೆದ ಚಿತ್ರಕ್ಕೆ ಅರ್ಧ ದಪ್ಪ ಕಾಗದ ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಕೆಲವು ದಿನಕ್ಕೆ ತೆರೆದ ಅರ್ಧ ಮಾಸುತ್ತದೆ, ಮುಚ್ಚಿದ ಅರ್ಧ ಹಾಗೇ ಇರುತ್ತದೆ. ಪಕ್ಕದಲ್ಲಿಟ್ಟ ಕೆಮ್ಮಣ್ಣಿನ ಚಿತ್ರಕ್ಕೆ ಏನೂ ಆಗುವುದಿಲ್ಲ. ಯಾಕೆ ಎಂದು ಮಕ್ಕಳೇ ಕೇಳುತ್ತಾರೆ, ಆ ಪ್ರಶ್ನೆಯಿಂದ ವಿಜ್ಞಾನ ಶುರುವಾಗುತ್ತದೆ.

ಭಾಷೆಯ ಪಾಠಕ್ಕೂ ಚಿತ್ರ ಬೇಕು. ಒಂದನೇ ತರಗತಿಯ ಮಗು ತನ್ನ ಚಿತ್ರದ ಬಗ್ಗೆ ಹೇಳಿದ್ದನ್ನು ಶಿಕ್ಷಕಿ ಕೆಳಗೆ ಬರೆದು ಕೊಡಬೇಕು, ಮಗು ಆಡಿದ ಮಾತಿನಲ್ಲೇ. ‘ನಮ್ಮವ್ವ ರೊಟ್ಟಿ ಬಡೀತಾಳ’ ಎಂದರೆ ಹಾಗೇ ಬರೆಯಬೇಕು, ‘ನನ್ನ ತಾಯಿ ರೊಟ್ಟಿ ತಟ್ಟುತ್ತಾಳೆ’ ಎಂದು ಬದಲಿಸಬಾರದು. ತನ್ನದೇ ಮಾತು ಅಕ್ಷರವಾಗಿ ಕೂತದ್ದನ್ನು ಮಗು ಬೆರಳಿಟ್ಟು ಓದುತ್ತದೆ, ಮನೆಯವರಿಗೆ ಓದಿ ಹೇಳುತ್ತದೆ. ಗ್ರಾಂಥಿಕ ಕನ್ನಡ ಆಮೇಲೆ ಬರಲಿ, ಅವಸರವಿಲ್ಲ.

ಈ ದಾರಿ ಹಿಡಿದವರ ಕಾಲಿಗೆ ತೊಡಕುವುದು ಹೆಚ್ಚಾಗಿ ಎರಡು. ಒಂದು, ಪಾಠ ಮುಗಿಸುವ ಒತ್ತಡ. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಹಾಳೆ ಹಂಚುವುದಕ್ಕೇ ಹತ್ತು ನಿಮಿಷ ಹೋಗುತ್ತದೆ ಎನ್ನುವ ದೂರು ನಿಜ. ಅದಕ್ಕೇ ಅನುಭವಿಗಳು ಪ್ರತಿ ಪಾಠಕ್ಕೂ ಚಿತ್ರ ಅಂಟಿಸಲು ಹೋಗುವುದಿಲ್ಲ. ನೋಡಿ ತಿಳಿಯಬೇಕಾದ, ಕೈಯಲ್ಲಿ ಕಟ್ಟಿ ತಿಳಿಯಬೇಕಾದ ಪಾಠವನ್ನು ಆರಿಸಿ ಅದಕ್ಕೆ ಎರಡು ಮೂರು ದಿನ ಧಾರಾಳವಾಗಿ ಕೊಡುತ್ತಾರೆ. ಇನ್ನೊಂದು ತೊಡಕು ಅಂಕ. ಚಿತ್ರ ಚೆಂದವಿದೆಯೇ ಎಂದು ಅಳೆಯಲು ಹೊರಟ ಕೂಡಲೇ ಗುಡ್ಡ, ಸೂರ್ಯ, ತೆಂಗಿನ ಮರ ವಾಪಸ್ ಬರುತ್ತವೆ. ಮೊದಲ ಇರುವೆಗೂ ಎರಡನೇ ಇರುವೆಗೂ ಇರುವ ವ್ಯತ್ಯಾಸವನ್ನು ನೋಡಿದರೆ ಮಗು ಏನು ಕಲಿತಿದೆಯೆಂದು ತಿಳಿಯುತ್ತದೆ, ಅದಕ್ಕೆ ಅಂಕ ಕೊಡಲು ಯಾರ ಅಡ್ಡಿಯೂ ಇಲ್ಲ.

ಹಾಗೆ ದಿನಗಟ್ಟಲೆ ಕೊಟ್ಟು ಮಾಡಬಹುದಾದ ಕೆಲಸಗಳಲ್ಲಿ ಊರಿನ ನಕ್ಷೆ ನನಗೆ ಎಲ್ಲಕ್ಕಿಂತ ಮೆಚ್ಚು. ಐದನೇ ತರಗತಿಯ ಪ್ರತಿ ಮಗುವೂ ಮನೆಯಿಂದ ಶಾಲೆಯ ದಾರಿಯನ್ನು ನೆನಪಿನಿಂದ ಬಿಡಿಸುತ್ತದೆ. ನಾಯಿ ಇರುವ ಮನೆ ದೊಡ್ಡದಾಗಿ ಬರುತ್ತದೆ, ಗ್ರಾಮ ಪಂಚಾಯಿತಿ ಆಫೀಸು ಎಷ್ಟೋ ಸಲ ಬಿಟ್ಟೇ ಹೋಗಿರುತ್ತದೆ. ಒಂದೇ ಬೀದಿಯ ನಾಲ್ವರ ಹಾಳೆಗಳನ್ನು ಜೋಡಿಸಲು ಹೇಳಿದಾಗ ಜಗಳ ಹತ್ತುತ್ತದೆ. ಒಬ್ಬಳ ನಕ್ಷೆಯಲ್ಲಿ ಹಾಲಿನ ಡೇರಿ ದೇವಸ್ಥಾನದ ಪಕ್ಕದಲ್ಲೇ ಇದೆ, ಇನ್ನೊಬ್ಬನದರಲ್ಲಿ ಬೀದಿಯ ಆ ತುದಿಗೆ. ಹೋಗಿ ಹೆಜ್ಜೆ ಹಾಕಿ ಅಳೆದರೆ ಉದ್ದ ಕಾಲಿನವನಿಗೆ ಒಂದು ಲೆಕ್ಕ, ಗಿಡ್ಡ ಕಾಲಿನವಳಿಗೆ ಇನ್ನೊಂದು. ಎಲ್ಲರಿಗೂ ಒಂದೇ ಅಳತೆ ಬೇಕು ಎಂಬ ಅರಿವು ಅಲ್ಲಿ ಹುಟ್ಟುತ್ತದೆ, ಹತ್ತು ಮೀಟರ್ ಹಗ್ಗ ಬರುತ್ತದೆ. ಒಂದು ಹಗ್ಗಕ್ಕೆ ಹಾಳೆಯ ಮೇಲೆ ಎರಡು ಸೆಂಟಿಮೀಟರ್ ಎಂದು ತೀರ್ಮಾನಿಸಿ, ಹಳೇ ಕ್ಯಾಲೆಂಡರುಗಳ ಹಿಂಬದಿಗಳನ್ನು ಅಂಟಿಸಿ ದೊಡ್ಡ ನಕ್ಷೆ ಬರೆಯುತ್ತಾರೆ. ಬೋರ್‌ವೆಲ್‌ಗೆ ಒಂದು ಚಿಹ್ನೆ, ಅಂಗನವಾಡಿಗೆ ಒಂದು, ಹುಣಸೆ ಮರಕ್ಕೆ ಒಂದು. ಸೂರ್ಯ ಹುಟ್ಟುವ ದಿಕ್ಕು ನೋಡಿಕೊಂಡು ಉತ್ತರಕ್ಕೆ ಬಾಣ. ಭೂಗೋಳದ ಪುಸ್ತಕದಲ್ಲಿ ಅಳತೆಮಾನ, ದಿಕ್ಸೂಚಿ, ಸಂಕೇತಗಳ ಪಟ್ಟಿ ಎಂದು ಓದುವಾಗ ಇವರಿಗೆ ಹೊಸದೇನೂ ಅನಿಸುವುದಿಲ್ಲ. ನಕ್ಷೆ ಗೋಡೆಯ ಮೇಲೆ ಉಳಿಯುತ್ತದೆ. ಮುಂದಿನ ವರ್ಷದ ಮಕ್ಕಳು ಅದನ್ನು ಕೆಳಗಿಳಿಸಿ, ಹೊಸದಾಗಿ ಕಟ್ಟಿದ ನೀರಿನ ಟ್ಯಾಂಕ್ ಸೇರಿಸಿ, ಮುಚ್ಚಿಹೋದ ಬಾವಿಗೆ ಯಾವ ಚಿಹ್ನೆ ಹಾಕಬೇಕೆಂದು ಚರ್ಚೆಗೆ ಕೂರುತ್ತಾರೆ.