ಗಾಳಿ ಓಡಿದರೂ ಕದಲದ ಮೋಡ

ಆಷಾಢದ ಗಾಳಿಗೆ ತಿಪಟೂರು ಸೀಮೆಯ ತೆಂಗಿನ ಗರಿಗಳೆಲ್ಲ ಮೂಡಣಕ್ಕೆ ವಾಲುತ್ತವೆ. ತಲೆ ಮೇಲೆ ಬಿಡಿ ಮೋಡಗಳು ಓಡುತ್ತಿರುತ್ತವೆ. ಅವುಗಳಿಗಿಂತ ಎತ್ತರದಲ್ಲಿ, ಕವುಚಿಟ್ಟ ಕೊಬ್ಬರಿ ಗಿಟುಕಿನಂಥ ನುಣುಪು ಮೋಡವೊಂದು ಕದಲದೆ ನಿಂತಿದ್ದರೆ, ಅದೇ ಮಸೂರ ಮೋಡ. ನಡು ಉಬ್ಬಿ ಅಂಚು ತೆಳುವಾದ ಮಸೂರ ಬೇಳೆಯ ಆಕಾರವೇ ಅದಕ್ಕೆ ಹೆಸರು ಕೊಟ್ಟಿದೆ.

ಹಳ್ಳದ ನೀರು ಮುಳುಗಿದ ಬಂಡೆಯನ್ನು ದಾಟಿದ ಮೇಲೆ ಅಲೆಯಾಗಿ ಏಳುತ್ತದೆ. ನೀರು ಹರಿಯುತ್ತದೆ, ಅಲೆ ಅಲ್ಲೇ ಇರುತ್ತದೆ. ಬೆಟ್ಟ ದಾಟಿದ ಗಾಳಿಯೂ ಹಾಗೆಯೇ. ಅಲೆಯ ನೆತ್ತಿಗೇರಿದ ತೇವ ತಣಿದು ಹನಿಗಟ್ಟುತ್ತದೆ. ಇಳಿಯುವಾಗ ಬೆಚ್ಚಗಾಗಿ ಆರಿಹೋಗುತ್ತದೆ. ಒಂದು ಅಂಚಿನಲ್ಲಿ ಹುಟ್ಟುತ್ತ, ಇನ್ನೊಂದು ಅಂಚಿನಲ್ಲಿ ಕರಗುತ್ತ ಮೋಡ ನಿಂತಂತೆ ಕಾಣುತ್ತದೆ.

ಎಂಜಿನ್ ಇಲ್ಲದ ಗ್ಲೈಡರಿನ ಪೈಲಟ್‌ಗೆ ಈ ಮೋಡ ಕೈಮರವಿದ್ದಂತೆ. ಗಾಳಿ ಬಂದು ತಾಗುವ ಅಂಚಿನ ಮುಂದೆ ಮೇಲ್ಮುಖದ ಗಾಳಿ ರೇಷ್ಮೆಯಷ್ಟು ನಯವಾಗಿರುತ್ತದೆ. ಕೆಳಗಿನ ಸುರುಳಿಗಾಳಿ ಮಾತ್ರ ವಿಮಾನವನ್ನು ಕುಲುಕಿ ಹಾಕುವಷ್ಟು ಒರಟು. 1933ರಲ್ಲಿ ಜರ್ಮನಿಯ ವುಲ್ಫ್ ಹಿರ್ತ್ ಮತ್ತು ಹಾನ್ಸ್ ಡಾಯ್ಚ್‌ಮಾನ್ ಸೈಲೀಸಿಯಾದ ಬೆಟ್ಟಗಳ ಬಳಿ ಈ ಅಲೆಯನ್ನೇರಿದರು. ಅಲ್ಲಿನ ಜನ ಆ ಮೋಡವನ್ನು ಕರೆಯುತ್ತಿದ್ದುದು ‘ಮೊವಾಟ್ಸಾಗೋಟ್ಲ್’ ಎಂದು. ಅದು ಗಾಟ್‌ಲೀಬ್ ಮಾಟ್ಸ್ ಎಂಬ ರೈತನ ಹೆಸರಿನಿಂದ ಬಂದದ್ದು ಎನ್ನುತ್ತಾರೆ. ಹಿರ್ತ್ ತಮ್ಮ ಗ್ಲೈಡರಿಗೂ ಅದೇ ಹೆಸರಿಟ್ಟರು. 2018ರಲ್ಲಿ ಪರ್ಲಾನ್-2 ಗ್ಲೈಡರ್ ಆಂಡಿಸ್ ಪರ್ವತದ ಅಲೆ ಹಿಡಿದು 22 ಕಿ.ಮೀ.ಗೂ ಮೇಲೇರಿತು.

ನಮಗೂ ಬೆಟ್ಟಗಳಿವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಪಶ್ಚಿಮ ಘಟ್ಟದ ಮಳೆನೆರಳಿನ ಊರುಗಳು. ಪಡುವಣದಲ್ಲಿ 1,900 ಮೀಟರಿಗೂ ಎತ್ತರದ ಮುಳ್ಳಯ್ಯನಗಿರಿ ಇರುವ ಬಾಬಾಬುಡನ್‌ಗಿರಿಯ ಸಾಲು. ಘಟ್ಟ ದಾಟುವ ಗಾಳಿ ಎಬ್ಬಿಸುವ ಅಲೆಗಳನ್ನು ಹವಾಮಾನ ವಿಜ್ಞಾನಿ ಆರ್.ಪಿ. ಸರ್ಕಾರ್ 1960ರ ದಶಕದಲ್ಲೇ ಲೆಕ್ಕಹಾಕಿ ತೋರಿಸಿದ್ದಾರೆ. ಅಲೆಯೆದ್ದರೂ ತೇವ ಸಾಲದಿದ್ದರೆ ಮೋಡ ಕಟ್ಟುವುದಿಲ್ಲ. ಕೆಳಗೆ ಮೋಡ ಕವಿದಿದ್ದರೆ ಕಟ್ಟಿದ್ದೂ ಕಾಣುವುದಿಲ್ಲ. ಅದಕ್ಕೇ ತಾಳ್ಮೆ ಬೇಕು.

ತೋಟದೊಳಗೆ ಗರಿಗಳು ಆಕಾಶವನ್ನು ಮುಚ್ಚುತ್ತವೆ. ಮಳೆ ಬಿಡುವು ಕೊಟ್ಟ ದಿನ ಕೆರೆ ಏರಿಗೋ ಮದಲಿಂಗನ ಕಣಿವೆಯ ಎತ್ತರಕ್ಕೋ ಹೋಗಿ. ಒಂಟಿ ತೆಂಗಿನ ಸುಳಿಯನ್ನೋ ಬಂಡೆಯ ತುದಿಯನ್ನೋ ಗುರುತಿಟ್ಟುಕೊಂಡು ಹತ್ತು ನಿಮಿಷ ನೋಡಿ. ಉಳಿದವೆಲ್ಲ ಗುರುತು ದಾಟಿ ಹೋದರೂ ಒಂದು ಮೋಡ ನಿಂತೇ ಇದ್ದರೆ ದಿನ, ಹೊತ್ತು, ದಿಕ್ಕು ಬರೆದಿಡಿ, ಮಕ್ಕಳಿಗೂ ತೋರಿಸಿ. ಪೈಲಟ್‌ಗಳು ಅಲೆಯನ್ನೇರುವ ಮೊದಲೇ ಸೈಲೀಸಿಯಾದ ಮೋಡಕ್ಕೆ ಹೆಸರು ತಂದವನೂ ಒಬ್ಬ ರೈತನೇ ಅಂತೆ.