ನೆರಳುಮನೆಯ ಅಗಿ

ಪಂಚಾಂಗದ ಲೆಕ್ಕದಲ್ಲಿ ವಸಂತ ಯುಗಾದಿಗೆ ಶುರುವಾಗುತ್ತದೆ. ಕಲಬುರಗಿಯಲ್ಲಿ ಆ ಹೊತ್ತಿಗೆ ಬೇವು ಹೂ ಬಿಟ್ಟು ಓಣಿಯೆಲ್ಲ ಘಮ್ ಅನ್ನುತ್ತಿರುತ್ತದೆ, ಉಷ್ಣಮಾಪಕ 40 ಡಿಗ್ರಿಯ ಹತ್ತಿರ ಬಂದು ನಿಂತಿರುತ್ತದೆ. ನಿಜಾಮರ ಕಾಲದ ಕಲ್ಲಿನ ಅತಿಥಿಗೃಹದಿಂದ ಹೆಸರು ಪಡೆದ ಐವಾನ್-ಎ-ಶಾಹಿಯ ಸುತ್ತಲಿನ ಮನೆಗಳಲ್ಲಿ ಕುಂಡ ಇಟ್ಟುಕೊಂಡವರೂ, ಹುಮನಾಬಾದ್ ರಸ್ತೆಯ ಕಮಲಾಪುರದ ಕಡೆ ಹೊಲ ಇರುವವರೂ ಆಗಲೇ ಕೇಳಲು ಶುರುಮಾಡುತ್ತಾರೆ: "ಟಮಾಟಿ ಅಗಿ ಸಿಗ್ತಾವೇನ್ರಿ?" ಅಗಿ ಅಂದರೆ ಕಿತ್ತು ನೆಡುವ ಸಸಿ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬದನಿ ಎಲ್ಲಕ್ಕೂ ನಮ್ಮ ಕಡೆ ಇದೇ ಮಾತು.

ಆ ಪ್ರಶ್ನೆಗೆ ನನ್ನ ಉತ್ತರ: ಯುಗಾದಿಗೆ ಟಮಾಟಿ ನೆಡಬೇಡಿ. ಮಾರ್ಚ್ ಕೊನೆಗೆ ನೆಟ್ಟ ಗಿಡ ಹೂ ಬಿಡುವುದು ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದೆ ಹೋದರೆ ಟೊಮೆಟೊದ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಹೂವು ಕಾಯಿ ಕಚ್ಚದೆ ತೊಟ್ಟಿನಿಂದಲೇ ಉದುರುತ್ತದೆ. ನೀರು, ಗೊಬ್ಬರ ಎಷ್ಟು ಕೊಟ್ಟರೂ ಅದು ನಿಲ್ಲುವುದಿಲ್ಲ. ವಸಂತದಲ್ಲಿ ಹಣ್ಣು ಬೇಕಾದವರು ಡಿಸೆಂಬರಿನಲ್ಲಿ ಬೀಜ ಹಾಕಿ, ಜನವರಿಯಲ್ಲಿ ನೆಟ್ಟಿರಬೇಕು. ಯುಗಾದಿಯ ನಂತರ ಅಗಿಮನೆಯಲ್ಲಿ ನಡೆಯುವ ಕೆಲಸ ಮುಂಗಾರಿನದು.

ಯುರೋಪು, ಅಮೆರಿಕದ ಕಡೆ ಇದು ತಿರುಗುಮುರುಗು. ಅಲ್ಲಿ ನೆಲೆಸಿದ ನಮ್ಮವರು ಫೆಬ್ರವರಿ, ಮಾರ್ಚ್‌ನಲ್ಲಿ ಮನೆಯೊಳಗೆ ಕಿಟಕಿ ಹತ್ತಿರ ಮೆಣಸಿನ ಬೀಜ ಹಾಕಿ, ಹೊರಗಿನ ಹಿಮ ನಿಲ್ಲುವ ದಿನಕ್ಕೆ ಕಾಯುತ್ತಾರೆ. ಅವರ ಗಾಜಿನ ಹಸಿರುಮನೆ ಇರುವುದು ಬಿಸಿಯನ್ನು ಒಳಗೆ ಕೂಡಿಹಾಕಲು. ಬೆಳಕು ಗಾಜನ್ನು ದಾಟಿ ಒಳಗೆ ಬರುತ್ತದೆ, ಕಾದ ಗಾಳಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಅದನ್ನೇ ನೋಡಿ ಕಲಬುರಗಿಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಮುಚ್ಚಿದ ಪಾಲಿಹೌಸ್ ಕಟ್ಟಿದರೆ ಏಪ್ರಿಲ್ ಮಧ್ಯಾಹ್ನ ಒಳಗೆ ಕಾಲಿಡಲಾಗುವುದಿಲ್ಲ, ಸಸಿ ಬೆಂದುಹೋಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನಡೆಯುವ ಪದ್ಧತಿಯೂ ಸುಮಾರು 450 ಮೀಟರಿನ ನಮ್ಮೂರಿಗೆ ಹಾಗೆಯೇ ಹೊಂದುವುದಿಲ್ಲ. ಇಲ್ಲಿ ಬೇಕಾದದ್ದು ನೆರಳುಮನೆ: ಕಂಬ, ಮೇಲೆ ಶೇಡ್‌ನೆಟ್, ಸುತ್ತ ಕೀಟ ತಡೆಯುವ ಸಣ್ಣ ಕಣ್ಣಿನ ಬಲೆ.

ಎಷ್ಟು ದೊಡ್ಡದು ಬೇಕು? ಒಂದು ಲೆಕ್ಕ ಹಾಕೋಣ. ಟೊಮೆಟೊವನ್ನು ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 60 ಸೆಂಟಿಮೀಟರ್ ಬಿಟ್ಟು ನೆಟ್ಟರೆ ಎಕರೆಗೆ ಸುಮಾರು 7,500 ಸಸಿ. ತರಕಾರಿ ಅಗಿಗೆ ಎಲ್ಲರೂ ಬಳಸುವ ಪ್ಲಾಸ್ಟಿಕ್ ಟ್ರೇಯಲ್ಲಿ 98 ಗುಳಿ ಇರುತ್ತವೆ, ಅಳತೆ 54 ಸೆಂಟಿಮೀಟರ್ ಉದ್ದ, 27 ಅಗಲ. ಸತ್ತದ್ದಕ್ಕೆ ಬದಲಿ ಹಾಕಲು ಸ್ವಲ್ಪ ಹೆಚ್ಚು ಹಿಡಿದು 80 ಟ್ರೇ ಎಂದುಕೊಳ್ಳಿ. ಅಷ್ಟೂ ಟ್ರೇಗಳನ್ನು ಒತ್ತಟ್ಟಿಗೆ ಹಾಸಿದರೆ 12 ಅಡಿ ಉದ್ದ, 11 ಅಡಿ ಅಗಲದ ಜಾಗ ಸಾಕು. ಒಂದು ಎಕರೆಯ ಬೆಳೆಯ ಬಾಲ್ಯವೆಲ್ಲ ಒಂದು ಕೋಣೆಯಲ್ಲಿ ಕಳೆಯುತ್ತದೆ! ಹಾಗಾಗಿಯೇ ಒಂದು ಗುಂಟೆ ನೆರಳುಮನೆ, ನಡೆದಾಡುವ ದಾರಿ ಬಿಟ್ಟರೂ, ಒಂದು ಕುಟುಂಬ ನೋಡಿಕೊಂಡು ಸುತ್ತಲಿನ ಹತ್ತಾರು ರೈತರಿಗೆ ಅಗಿ ಕೊಡುವಷ್ಟಾಗುತ್ತದೆ.

ಮೇಲಿನ ನೆಟ್ ಶೇಕಡಾ 50ರಷ್ಟು ನೆರಳಿನದಾಗಿರಲಿ. ಬಿಸಿಲಿಗೆ ಹೆದರಿ 75ರದ್ದು ಹಾಕಿದವರ ಸಸಿ ಬೆಳಕು ಹುಡುಕುತ್ತ ನೂಲಿನಂತೆ ಉದ್ದವಾಗುತ್ತದೆ, ಕಾಂಡಕ್ಕೆ ಬಲ ಇರುವುದಿಲ್ಲ. ಸುತ್ತಲಿನ ಬಲೆ 40ರಿಂದ 50 ಮೆಶ್, ಅಂದರೆ ಒಂದು ಅಂಗುಲದಲ್ಲಿ ಅಷ್ಟು ಕಣ್ಣು. ಅದು ಬಿಳಿ ನೊಣಕ್ಕಾಗಿ. ಒಂದು ಮಿಲಿಮೀಟರಿನಷ್ಟಿರುವ ಈ ಹುಳ ರೋಗದ ಗಿಡದ ರಸ ಹೀರಿ ಬಂದು ಎಳೆ ಸಸಿಗೆ ಬಾಯಿ ಹಾಕಿದರೆ ಟೊಮೆಟೊದ ಎಲೆ ಮುದುಡು ರೋಗ ಅಂಟುತ್ತದೆ. ಅಗಿಮನೆಯಲ್ಲಿ ಅಂಟಿದ್ದು ಅಲ್ಲಿ ಕಾಣುವುದಿಲ್ಲ. ಹೊಲಕ್ಕೆ ಹೋದ ಮೇಲೆ ಗಿಡ ಗಿಡ್ಡಾಗಿ, ಎಲೆ ಮುರುಟಿಕೊಂಡು ನಿಲ್ಲುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ಬಾಗಿಲು ಎರಡಿರಬೇಕು, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯಬೇಕು. ಈ ಸಣ್ಣ ಕಣ್ಣಿನ ಬಲೆಗೆ ಒಂದು ಬೆಲೆ ಇದೆ: ಅದು ಗಾಳಿಯನ್ನೂ ತಡೆಯುತ್ತದೆ. ಮಾಡು ತಗ್ಗಾಗಿದ್ದರೆ ಬಿಸಿ ಗಾಳಿ ಸಸಿಯ ತಲೆಯ ಮೇಲೆಯೇ ಕೂತುಬಿಡುತ್ತದೆ. ನಡುವಿನ ಎತ್ತರ 12 ಅಡಿಗೆ ಕಡಿಮೆ ಮಾಡದಿರುವುದು ಒಳ್ಳೆಯದು.

ಏಪ್ರಿಲ್, ಮೇ ತಿಂಗಳ ನಮ್ಮ ಒಣ ಹವೆ ಕ್ರೂರ, ಆದರೆ ಅದರಲ್ಲೊಂದು ಉಪಕಾರವಿದೆ. ಗಾಳಿ ಒಣಗಿದಷ್ಟೂ ನೀರು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹರವಿಯ ನೀರು ತಂಪಾಗುವುದು ಹೀಗೆಯೇ. ಹಳೆಯ ಬಂಗಲೆಗಳಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದದ್ದೂ, ಇವತ್ತಿನ ಕೂಲರ್ ಕೆಲಸ ಮಾಡುವುದೂ ಇದರಿಂದಲೇ. ನೆರಳುಮನೆಯ ಪಶ್ಚಿಮದ ಬದಿಗೆ ಗೋಣಿತಟ್ಟು ಇಳಿಬಿಟ್ಟು ಮಧ್ಯಾಹ್ನ ಎರಡು ಸಲ ನೆನೆಸಿದರೆ ಒಳಗಿನ ಬಿಸಿ ಇಳಿದದ್ದು ಮೈಗೇ ಗೊತ್ತಾಗುತ್ತದೆ. ಕರಾವಳಿಯ ಜಿಗುಟು ಸೆಕೆಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು.

ಟ್ರೇ ತುಂಬಲು ನಮ್ಮ ಎರೆಮಣ್ಣು ಬೇಡ. ತೊಗರಿಗೆ ಅದು ಚಿನ್ನ, ಗುಳಿಯಲ್ಲಿ ಮಾತ್ರ ನೀರು ಬಿದ್ದರೆ ಅಂಟು, ಒಣಗಿದರೆ ಬಿರುಕು. ಕಮಲಾಪುರದ ಕೆಂಪು ಮಣ್ಣು ವಾಸಿ, ಆದರೂ ಭಾರ, ಜೊತೆಗೆ ಮಣ್ಣಿನ ರೋಗಗಳೂ ಬರುತ್ತವೆ. ಅದಕ್ಕೇ ತೆಂಗಿನ ನಾರಿನ ಪುಡಿ, ಕೊಕೊಪೀಟ್. 5 ಕಿಲೋ ಇಟ್ಟಿಗೆಯನ್ನು ನೀರಲ್ಲಿ ನೆನೆಸಿದರೆ ಹಲವು ಪಟ್ಟು ಉಬ್ಬುತ್ತದೆ. ಒಂದು ಟ್ರೇಗೆ ಹದವಾದ ಪೀಟ್ ಸುಮಾರು 1.2 ಕಿಲೋ. ಅದರಲ್ಲಿ ಉಪ್ಪಿನಂಶ ಇರಬಹುದು, ಹಾಗಾಗಿ ಎರಡು ಮೂರು ಸಲ ತೊಳೆದು, ಇಳಿದು ಬರುವ ನೀರಿನ ಕಂದು ಬಣ್ಣ ತಿಳಿಯಾದ ಮೇಲೆ ಬಳಸಿ. ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ, ಗುಳಿಗೆ ಒಂದರಂತೆ ಅರ್ಧ ಸೆಂಟಿಮೀಟರ್ ಆಳಕ್ಕೆ ಇಟ್ಟು ಮೇಲೆ ತೆಳ್ಳಗೆ ಪೀಟ್ ಮುಚ್ಚಬೇಕು.

ಬಿತ್ತಿದ ಹತ್ತು ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸುವುದು ರೂಢಿ, ಒಳಗಿನ ತೇವ ಆರುವುದಿಲ್ಲ. ಬೇಸಿಗೆಯಲ್ಲಿ ಆ ಪೇರಿ ನೆರಳುಮನೆಯಲ್ಲೂ ಬೇಡ, ಮನೆಯ ತಂಪು ಕೋಣೆಯಲ್ಲಿರಲಿ, ಇಲ್ಲದಿದ್ದರೆ ಹಾಳೆಯ ಕೆಳಗೆ ಬೀಜ ಬೇಯುತ್ತದೆ. ಟೊಮೆಟೊ ಐದಾರು ದಿನಕ್ಕೆ, ಮೆಣಸಿನಕಾಯಿ ಎಂಟು ಹತ್ತು ದಿನಕ್ಕೆ ಮೊಳೆಯುತ್ತದೆ. ಮೊದಲ ಮೊಳಕೆ ಕತ್ತೆತ್ತಿದ ಕೂಡಲೇ ಟ್ರೇ ಬಿಡಿಸಿ ಹರಡಬೇಕು. ಒಂದು ದಿನ ತಡವಾದರೂ ಕತ್ತಲಲ್ಲಿ ಮೊಳಕೆ ಸೊರಗಿ ಉದ್ದವಾಗುತ್ತದೆ, ಆಮೇಲೆ ಅದನ್ನು ಗಿಡ್ಡ ಮಾಡುವ ಉಪಾಯ ಇಲ್ಲ.

ನಮ್ಮ ಕಡೆ ಅಗಿ ಮಾಡುವವರಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನೀರಿನದು. ಒಂದು ಗುಳಿಯಲ್ಲಿ ಹಿಡಿಯುವ ಪೀಟ್ ನಾಲ್ಕೈದು ಚಮಚ, ಅದರಲ್ಲಿ ಸಸಿಯ ಇಡೀ ಸಂಸಾರ. ಮೇ ತಿಂಗಳಲ್ಲಿ ಅರ್ಧ ದಿನ ಮರೆತರೆ ಮುಗಿಯಿತು. ಬೆಳಿಗ್ಗೆ ಚೆನ್ನಾಗಿ ಕುಡಿಸಿ, ಮಧ್ಯಾಹ್ನ ತೆಳ್ಳಗೆ, ಸಂಜೆ ಬೇಕಿದ್ದರೆ ಮಾತ್ರ. ರಾತ್ರಿಯಿಡೀ ಬುಡ ಹಸಿಯಾಗಿದ್ದರೆ ಶಿಲೀಂಧ್ರ ಏರಿ ಸಸಿ ಬುಡದಲ್ಲಿ ಕೊಳೆತು, ದಾರ ಕತ್ತರಿಸಿದಂತೆ ಮಲಗುತ್ತದೆ. ಒಂದು ಮೂಲೆಯಲ್ಲಿ ಶುರುವಾದದ್ದು ಎರಡು ದಿನದಲ್ಲಿ ಟ್ರೇ ತುಂಬ ಹಬ್ಬುತ್ತದೆ. ಇನ್ನೊಂದು ಎಚ್ಚರಿಕೆ: ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ಮೊದಲು ನೆಲಕ್ಕೆ ಹರಿಬಿಟ್ಟು, ತಂಪು ನೀರು ಬಂದ ಮೇಲೆ ಟ್ರೇ ಕಡೆ ತಿರುಗಿಸಿ.

ಕೊಳವೆಬಾವಿಯ ನೀರಿನಲ್ಲಿ ಸುಣ್ಣ ಹೆಚ್ಚು. ಶಹಾಬಾದ್ ಫರಸಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಮೂಲವಾದ ಸುಣ್ಣಕಲ್ಲೇ ಈ ಜಿಲ್ಲೆಯ ಹಲವು ಕಡೆ ನೆಲದ ಕೆಳಗಿದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ನಿಮ್ಮದೂ ಅದೇ ನೀರು. ದಿನಾ ಅದನ್ನು ಹಾಕುತ್ತ ಹೋದರೆ ಪೀಟ್ ಕ್ಷಾರವಾಗುತ್ತದೆ, ಕಬ್ಬಿಣ ಇದ್ದೂ ಬೇರಿಗೆ ದಕ್ಕುವುದಿಲ್ಲ. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣ. ಹಲವರು ಇದನ್ನು ಗೊಬ್ಬರದ ಕೊರತೆ ಎಂದುಕೊಂಡು ಯೂರಿಯಾ ಹಾಕಿಬಿಡುತ್ತಾರೆ, ಆಗ ಸಸಿ ಇನ್ನೂ ಮೆತ್ತಗಾಗುತ್ತದೆ. ಚಿಲೇಟೆಡ್ ಕಬ್ಬಿಣದ ಸಿಂಪಡಣೆ ತಾತ್ಕಾಲಿಕ ಮದ್ದು. ಮಳೆನೀರು ಹಿಡಿದಿಟ್ಟು ಬಳಸುವುದು ಶಾಶ್ವತ ದಾರಿ. ನೀರಿನ ಪರೀಕ್ಷೆ ಬಗ್ಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಗೊಬ್ಬರದ ವಿಷಯ ಸರಳ: 19:19:19 ಅನ್ನು ಲೀಟರಿಗೆ 3 ಗ್ರಾಂ ಕರಗಿಸಿ, ಬಿತ್ತಿದ 12ನೇ ದಿನ ಒಮ್ಮೆ, 20ನೇ ದಿನ ಒಮ್ಮೆ.

ಇನ್ನು ಯಾವಾಗ ಬಿತ್ತಬೇಕು ಎಂಬುದು. ಟೊಮೆಟೊ ಅಗಿ 25 ದಿನಕ್ಕೆ ತಯಾರು, ಬದನಿ 30ರಿಂದ 35, ಮೆಣಸಿನಕಾಯಿ 40ರ ಆಸುಪಾಸು. ಇದನ್ನು ಮಳೆ ನಕ್ಷತ್ರಕ್ಕೆ ಹೊಂದಿಸಿ ನೋಡಿ. ರೋಹಿಣಿ ಮಳೆ ಹುಟ್ಟುವುದು ಮೇ 25ರ ಸುಮಾರಿಗೆ, ಪುನರ್ವಸು ಜುಲೈ 6ರ ಸುಮಾರಿಗೆ, ನಡುವೆ 42 ದಿನ. ರೋಹಿಣಿಗೆ ಮೆಣಸಿನ ಬೀಜ ಹಾಕಿದವರಿಗೆ ಪುನರ್ವಸುವಿನ ಹಸಿಗೆ ಅಗಿ ಕೈಗೆ ಬರುತ್ತದೆ. ಮಿರಗದ ಮಳೆಗೆ, ಅಂದರೆ ಜೂನ್ 8ರ ಹೊತ್ತಿಗೆ, ಹಾಕಿದ ಟೊಮೆಟೊ ಕೂಡ ಅದೇ ವಾರಕ್ಕೆ ಸಿದ್ಧ. ಹೊರಗೆ ಬೆಂಕಿ ಸುರಿಯುವ ಮೇ ತಿಂಗಳಲ್ಲಿ ನೆರಳುಮನೆ ಇದ್ದವರು ಮಳೆಗಿಂತ ನಲವತ್ತು ದಿನ ಮುಂದಿರುತ್ತಾರೆ. ಬೆಂಡಿ, ಚವಳಿ, ಮೆಂತೆ, ಪುಂಡಿಪಲ್ಯಕ್ಕೆ ಇದೆಲ್ಲ ಬೇಕಿಲ್ಲ, ನೇರ ನೆಲಕ್ಕೇ ಹಾಕಿ.

ಹೂವಿನ ಲೆಕ್ಕ ಮುಂದಿನಿಂದ ಹಿಂದಕ್ಕೆ. ಮಾರುಕಟ್ಟೆಯ ದಿನ ಗೊತ್ತಿರುತ್ತದೆ, ಬಿತ್ತುವ ದಿನ ಹುಡುಕಬೇಕು. ಚೆಂಡು ಹೂ ಅಗಿಯಾಗಲು ಮೂರು ವಾರ ಚಿಲ್ಲರೆ, ನೆಟ್ಟ ಮೇಲೆ ಮೊದಲ ಕೊಯ್ಲಿಗೆ ಸುಮಾರು ಎರಡು ತಿಂಗಳು, ಒಟ್ಟು 85 ದಿನ ಹಿಡಿಯಿರಿ. ದೀಪಾವಳಿಗೆ ಹೂ ಬೇಕಾದರೆ ಹಬ್ಬದ ತಾರೀಖಿನಿಂದ ಅಷ್ಟು ಹಿಂದಕ್ಕೆ ಎಣಿಸಿ ಬೀಜ ಹಾಕಬೇಕು. ಹೆಚ್ಚುಕಡಿಮೆ ಆಗಸ್ಟ್ ಬರುತ್ತದೆ. ಹೋಳಿ ಹುಣ್ಣಿಮೆಯ ಬೆನ್ನಿಗೇ ಬರುವ ಶರಣಬಸವೇಶ್ವರ ಜಾತ್ರೆಗೆ ಹೂ ಬೆಳೆಯುವವರು ಚಳಿಗಾಲದಲ್ಲಿ ಬೆಳವಣಿಗೆ ನಿಧಾನ ಎಂದು ಹತ್ತು ದಿನ ಸೇರಿಸಿ ಡಿಸೆಂಬರಿನ ಮೊದಲ ವಾರಕ್ಕೇ ಬಿತ್ತುವುದು ಕ್ಷೇಮ. ಸೇವಂತಿಯ ಸ್ವಭಾವ ಬೇರೆ: ಅದನ್ನು ತುಂಡಿನಿಂದ, ಬುಡದ ಮರಿಯಿಂದ ಮಾಡುತ್ತಾರೆ, ಹಗಲು ಗಿಡ್ಡಾಗುತ್ತ ಬಂದಾಗಲೇ ಅದು ಮೊಗ್ಗು ಕಟ್ಟುತ್ತದೆ. ಯುಗಾದಿಯ ಹೊತ್ತಿನಲ್ಲಿ ಅದರ ತಾಯಿಗಿಡವನ್ನು ನೆರಳಲ್ಲಿ ಬದುಕಿಸಿಕೊಳ್ಳುವುದಷ್ಟೇ ಕೆಲಸ.

ಕಮಲಾಪುರ ಎಂದ ಮೇಲೆ ಕೆಂಬಾಳೆ ಬಿಡಲಾದೀತೆ? ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಬಾಳೆ ನೆಟ್ಟು ಗೊನೆ ಕೊಯ್ಯುವ ತನಕ ಒಂದೂವರೆ ವರ್ಷದಷ್ಟು ಕಾಯಿಸುತ್ತದೆ, ಅಷ್ಟು ತಾಳ್ಮೆಗೆ ಈಗ ಅನೇಕರ ಹತ್ತಿರ ನೀರೂ ಇಲ್ಲ, ಹಣವೂ ಇಲ್ಲ. ಇದು ಬೀಜದ ಬೆಳೆಯಲ್ಲ, ಬುಡದ ಕಂದು ಕಿತ್ತು ನೆಡುವಂಥದ್ದು. ಕಂದಿನ ಜೊತೆ ತೋಟದ ರೋಗವೂ ಹೊಸ ಹೊಲಕ್ಕೆ ಹೋಗುತ್ತದೆ ಎಂಬುದೇ ಅದರ ತೊಡಕು. ಬಾಳೆಯನ್ನು ಅಂಗಾಂಶ ಕೃಷಿಯಲ್ಲಿ ಮಾಡಿದಾಗ ಬಾಟಲಿಯಿಂದ ಹೊರಬರುವ ಬೆರಳುದ್ದದ ಸಸಿಗೆ ಕೆಲವು ವಾರ ನೆರಳಿನ ಆರೈಕೆ ಬೇಕೇ ಬೇಕು. ತರಕಾರಿ ಅಗಿಗೆ ಕಟ್ಟಿದ ನೆರಳುಮನೆ ಆ ಕೆಲಸಕ್ಕೂ ಒದಗುತ್ತದೆ. ಕಮಲಾಪುರದ ಒಂದೆರಡು ಕುಟುಂಬಗಳಾದರೂ ಇದನ್ನು ಕೈಗೆತ್ತಿಕೊಂಡರೆ ಆ ಕೆಂಪು ಗೊನೆ ಕಣ್ಮರೆಯಾಗದೆ ಉಳಿದೀತು ಎಂಬುದು ನನ್ನ ಆಸೆ.

ಅಗಿ ಕೊಳ್ಳಲು ಹೋದಾಗ ಎತ್ತರ ನೋಡಿ ಮರುಳಾಗಬೇಡಿ. ಗೇಣುದ್ದದ ದಪ್ಪ ಕಾಂಡ, ನಾಲ್ಕೈದು ನಿಜ ಎಲೆ ಸಾಕು. ಒಂದು ಸಸಿಯನ್ನು ಮೆಲ್ಲಗೆ ಎತ್ತಿ ನೋಡಿ: ಬೇರು ಬೆಳ್ಳಗಿದ್ದು ಪೀಟನ್ನು ಬಿಗಿಯಾಗಿ ಹಿಡಿದು ಗುಳಿಯ ಆಕಾರದಲ್ಲೇ ಎದ್ದು ಬರಬೇಕು. ಬೇರು ಕಂದಾಗಿ ಸುತ್ತಿ ಸುತ್ತಿ ಗಂಟಾಗಿದ್ದರೆ ಅದು ದಿನ ಮೀರಿದ ಅಗಿ. ಎಲೆಯ ಕೆಳಬದಿ ತಿರುಗಿಸಿ ನೋಡಿ, ಬಿಳಿ ನೊಣ ಎದ್ದು ಹಾರಿದರೆ ಆ ಅಗಿ ಎಷ್ಟೇ ಅಗ್ಗವಾದರೂ ಬೇಡ. "ಬಿಸಿಲಿಗೆ ಬಿಟ್ಟೀರೇನ್ರಿ?" ಎಂದು ಕೇಳುವುದನ್ನು ಮರೆಯಬೇಡಿ. ನೆಡುವ ಮುಂಚಿನ ಐದಾರು ದಿನ ನೀರು ಸ್ವಲ್ಪ ಕಡಿಮೆ ಮಾಡಿ, ಮೊದಲು ಬೆಳಗಿನ ಎಳೆಬಿಸಿಲು, ಆಮೇಲೆ ಅರ್ಧ ದಿನ, ಕೊನೆಗೆ ಇಡೀ ದಿನ ಹೊರಗಿಟ್ಟ ಸಸಿಯ ಎಲೆ ದಪ್ಪಗಾಗಿ, ಕಾಂಡ ಗಟ್ಟಿಯಾಗುತ್ತದೆ. ನೆರಳಿಂದ ನೇರ ಹೊಲಕ್ಕೆ ಹೋದದ್ದು ಮೊದಲ ಮಧ್ಯಾಹ್ನಕ್ಕೇ ಸುಟ್ಟುಹೋಗುತ್ತದೆ. ಹಾಗೆ ಬಿಸಿಲಿಗೆ ರೂಢಿಯಾದ ಟ್ರೇ ಸಿಕ್ಕರೂ ಬೆಳಿಗ್ಗೆ ನೆಡಬೇಡಿ. ಮನೆಗೆ ತಂದು ನೆರಳಲ್ಲಿಟ್ಟು ನೀರು ಕುಡಿಸಿ, ಮೊದಲೇ ತೋಯಿಸಿಟ್ಟ ಮಡಿಯಲ್ಲಿ ಸಂಜೆ ಐದರ ಮೇಲೆ ನೆಡಿ, ಇಡೀ ರಾತ್ರಿ ಬೇರಿಗೆ ಸಿಗುತ್ತದೆ.