ನೀರು ಇಳಿದರೂ ಇಳಿಯದ ದಿಗಿಲು

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಮನೆ, ತೋಟ, ಜನ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. ಮರುವರ್ಷ ಆಶ್ಲೇಷ ಮಳೆಗೆ ವರದಾ, ದಂಡಾವತಿ ಉಕ್ಕಿ ನಮ್ಮ ಸೊರಬದ ಕಡೆಯ ಭತ್ತದ ಗದ್ದೆಗಳು ಮುಳುಗಿದವು. ಬಿದ್ದ ಗೋಡೆಗೆ, ಕೊಳೆತ ಪೈರಿಗೆ ಪಂಚನಾಮೆ ಆಗುತ್ತದೆ. ಮನಸ್ಸಿಗೆ ಬಿದ್ದ ಪೆಟ್ಟನ್ನು ಬರೆದುಕೊಳ್ಳಲು ಯಾರೂ ಬರುವುದಿಲ್ಲ. ಬಂದಳಿಕೆ ಸುತ್ತಿನ ಈ ಶಿಕಾರಿಪುರ–ಸೊರಬ ಸೀಮೆಯಲ್ಲಿ ಆ ಪೆಟ್ಟಿನ ಬಗ್ಗೆ ನಾವೆಲ್ಲ ನಂಬಿಕೊಂಡು ಬಂದ ಕೆಲವು ಮಾತುಗಳಿವೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ನೀರು ಇಳಿದು, ಮನೆ ರಿಪೇರಿಯಾದರೆ ಭಯವೂ ತಾನಾಗಿ ಹೋಗುತ್ತದೆ.

ವಾಸ್ತವ: ಬಹಳ ಜನರಿಗೆ ಹೋಗುತ್ತದೆ, ಎಲ್ಲರಿಗೂ ಅಲ್ಲ. ಕೆಲವರಿಗೆ ತಿಂಗಳುಗಟ್ಟಲೆ ಕಳೆದ ಮೇಲೆ ಶುರುವಾಗುತ್ತದೆ. ಹೆಂಚಿನ ಮೇಲೆ ಜೋರು ಮಳೆ ಬಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಕಣ್ಣು ಮುಚ್ಚಿದರೆ ಅದೇ ನೀರು, ಅದೇ ಸದ್ದು. ಹೊಳೆಯ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಾರೆ. ಸಣ್ಣ ಮಾತಿಗೂ ರೇಗುತ್ತಾರೆ, ಇಲ್ಲವೇ ಯಾವುದೂ ಬೇಡವೆಂದು ಸುಮ್ಮನೆ ಕೂರುತ್ತಾರೆ. ಪಹಣಿ, ಪಾಸ್‌ಬುಕ್, ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎತ್ತರದಲ್ಲಿಡುವುದು ಜಾಣತನ. ಆದರೆ ರಾತ್ರಿ ನಾಲ್ಕು ಸಲ ಎದ್ದು ಆ ಕವರನ್ನು ಮುಟ್ಟಿ ನೋಡಿ, ಬ್ಯಾಟರಿ ಹಿಡಿದು ಅಂಗಳಕ್ಕೆ ಇಳಿದು ನೀರು ಬಂತೇ ಎಂದು ಹುಡುಕುವುದು ಬೇರೆ. ಇಂಥ ಲಕ್ಷಣಗಳು ಒಂದು ತಿಂಗಳು ದಾಟಿದರೂ ಹೋಗದೆ, ಕೆಲಸ, ಸಂಸಾರ ಎರಡಕ್ಕೂ ಅಡ್ಡ ಬಂದರೆ ವೈದ್ಯರು ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ಅದೇ ಮಳೆ ಬರುವ ಹೊತ್ತಿಗೆ ಪ್ರತಿ ವರ್ಷ ಭಯ ಮರುಕಳಿಸುವುದೂ ಉಂಟು.

ತಪ್ಪು ಕಲ್ಪನೆ: ಇದು ಪುಕ್ಕಲರಿಗೆ ಬರುವಂಥದ್ದು, ಗಟ್ಟಿ ಗಂಡಸರಿಗೆ ಬರುವುದಿಲ್ಲ.

ವಾಸ್ತವ: ಅಪಾಯ ಕಂಡಾಗ ಓಡು ಎಂದು ದೇಹಕ್ಕೆ ಹೇಳುವ ವ್ಯವಸ್ಥೆ ಎಲ್ಲರ ಮೆದುಳಿನಲ್ಲೂ ಇದೆ. ಅಪಾಯ ಮುಗಿದರೂ ಅದು ಸುಮ್ಮನಾಗದಿರುವುದೇ ಈ ಕಾಯಿಲೆ. ಇದರಲ್ಲಿ ಎದೆಗಾರಿಕೆಯ ಪ್ರಶ್ನೆ ಇಲ್ಲ. ಹೆಣ ಹೊರತೆಗೆದ ರಕ್ಷಣಾ ಸಿಬ್ಬಂದಿಗೂ, ಸೈನಿಕರಿಗೂ ಇದು ಬರುತ್ತದೆ. ಹೆಂಗಸರಲ್ಲಿ ಹೆಚ್ಚು ಕಾಣುವುದು ನಿಜ. ಆದರೆ ನಮ್ಮ ಕಡೆ ಗಂಡಸರು ಇದನ್ನು ಹೇಳಿಕೊಳ್ಳದೆ ಕುಡಿತದಲ್ಲಿ ಮುಚ್ಚಿಡುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತಪ್ಪು ಕಲ್ಪನೆ: ನೆರೆಯಲ್ಲಿ ಸತ್ತವರ ಗಾಳಿ ಸೋಕಿದೆ, ಅದಕ್ಕೇ ರಾತ್ರಿ ಕಿರುಚುತ್ತಾರೆ. ತಾಯತ ಕಟ್ಟಿಸಿದರೆ ಸಾಕು.

ವಾಸ್ತವ: ಈ ನಂಬಿಕೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಕಣ್ಣೆದುರೇ ಪಕ್ಕದ ಮನೆಯವರು ಹೋದದ್ದನ್ನು ಕಂಡವರಿಗೆ ಅವರ ದನಿ ಕೇಳಿದಂತಾಗುವುದು, ನಿದ್ದೆಯಲ್ಲಿ ಬೆಚ್ಚಿಬೀಳುವುದು ಸುಳ್ಳಲ್ಲ, ನಾಟಕವೂ ಅಲ್ಲ. ಆದರೆ ಅದಕ್ಕೆ ಕಾರಣ ಹೊರಗಿನಿಂದ ಬಂದ ಗಾಳಿಯಲ್ಲ. ಆ ಹೊತ್ತಿನ ದೃಶ್ಯ, ಸದ್ದು, ವಾಸನೆ ಹಳೆಯ ನೆನಪಾಗಿ ಹಿಂದೆ ಸರಿಯದೆ, ಈಗಲೇ ನಡೆಯುತ್ತಿದೆ ಎಂಬಂತೆ ಮರಳಿ ಬರುತ್ತವೆ. ಊರು ಬೇರೆ, ದೇವರು ಬೇರೆ, ಭಾಷೆ ಬೇರೆಯಾದರೂ ಭೂಕಂಪ, ಸುನಾಮಿ ಕಂಡವರೆಲ್ಲ ಇದೇ ಲಕ್ಷಣಗಳನ್ನು ಹೇಳುತ್ತಾರೆ. ಗಾಳಿಯ ಮಾತೇ ಇಲ್ಲದ ನಾಡಿನಲ್ಲೂ ಕಾಯಿಲೆ ಇದೇ, ಚಿಕಿತ್ಸೆಗೆ ವಾಸಿಯಾಗುವುದೂ ಹೀಗೆಯೇ. ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯನ್ನು 1957ರಿಂದ ಕಂಡಿರುವ ಸೊರಬದವರಿಗೆ ಕಣ್ಣಿಗೆ ಕಾಣದ ಕಾರಣವೂ ಕಾರಣವೇ ಎಂದು ಬಿಡಿಸಿ ಹೇಳಬೇಕಿಲ್ಲ.

ಬಂದಳಿಕೆಯ ಬನಶಂಕರಿಗೋ ಚಂದ್ರಗುತ್ತಿಯ ರೇಣುಕಾಂಬೆಗೋ ಹರಕೆ ಹೊರುವುದರಿಂದ ಕೆಡುಕಿಲ್ಲ. ನಾಲ್ಕು ಜನ ಜತೆಗೆ ಬರುತ್ತಾರೆ, ಮನಸ್ಸಿಗೆ ಒಂದಿಷ್ಟು ನೆಮ್ಮದಿ ಸಿಗುತ್ತದೆ. ಕೆಡುಕು ಇರುವುದು ಬೇವಿನ ಸೊಪ್ಪಿನಿಂದ ಹೊಡೆಯುವುದರಲ್ಲಿ, ಹೊಗೆ ಹಾಕುವುದರಲ್ಲಿ, ಉಪವಾಸ ಕೆಡವುವುದರಲ್ಲಿ. ಮೊದಲೇ ಹೆದರಿದವರನ್ನು ಮತ್ತೆ ಹೆದರಿಸುವುದು ಕಾಯಿಲೆಯನ್ನು ಹೆಚ್ಚಿಸುತ್ತದೆ.

ತಪ್ಪು ಕಲ್ಪನೆ: ನಡೆದದ್ದನ್ನೆಲ್ಲ ಬಾಯಿ ಬಿಡಿಸಿ, ಅಳಿಸಿಬಿಟ್ಟರೆ ಹಗುರವಾಗುತ್ತದೆ.

ವಾಸ್ತವ: ಒತ್ತಾಯ ಮಾಡಿ ಹೇಳಿಸಬಾರದು. ಅವಘಡವಾದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ವೈದ್ಯಲೋಕದಲ್ಲೇ ಇತ್ತು. ಅದು ಕಾಯಿಲೆಯನ್ನು ತಡೆಯುವುದಿಲ್ಲವೆಂದು ಅಧ್ಯಯನಗಳು ತೋರಿಸಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡವೆಂದಿತು. ಅದರ ಬದಲು ಹೇಳುವ ಪ್ರಥಮ ಚಿಕಿತ್ಸೆ ಸರಳ: ಸುರಕ್ಷಿತ ಜಾಗ, ಬಿಸಿ ಊಟ, ಒಣ ಬಟ್ಟೆ, ಮನೆಯವರ ಸುದ್ದಿ, ಹೇಳಬೇಕೆನಿಸಿದಾಗ ಕೇಳಲು ಒಬ್ಬರು. ಕಾಳಜಿ ಕೇಂದ್ರದಲ್ಲಿ ಮೈಕ್ ಹಿಡಿದು ಹೇಗನ್ನಿಸಿತು ಎಂದು ಕೇಳುವವರನ್ನು ಬಾಗಿಲಲ್ಲೇ ತಡೆಯಬೇಕು.

ತಪ್ಪು ಕಲ್ಪನೆ: ನಿದ್ದೆ ಮಾತ್ರೆಯೋ ಒಂದು ಕ್ವಾರ್ಟರೋ ಸಾಕು.

ವಾಸ್ತವ: ಆಘಾತದ ಮೊದಲ ತಿಂಗಳಲ್ಲಿ ಬೆಂಜೊಡಯಾಜೆಪೀನ್ ಗುಂಪಿನ ನಿದ್ದೆ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವಂಥದ್ದಲ್ಲ. ಕುಡಿತ ನಿದ್ದೆಯನ್ನೂ ಕೆಡಿಸುತ್ತದೆ, ಮನೆಯನ್ನೂ ಕೆಡಿಸುತ್ತದೆ.

ತಪ್ಪು ಕಲ್ಪನೆ: ಮಕ್ಕಳಿಗೆ ಏನು ಗೊತ್ತಾಗುತ್ತದೆ, ಆಡುತ್ತಾ ಮರೆಯುತ್ತವೆ.

ವಾಸ್ತವ: ಮಕ್ಕಳು ಆಡುತ್ತಲೇ ತೋರಿಸುತ್ತಾರೆ. ಮಣ್ಣಿನ ಮನೆ ಕಟ್ಟಿ, ನೀರು ಸುರಿದು ಕೆಡವಿ, ಮತ್ತೆ ಕಟ್ಟುತ್ತಾರೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮರಳುತ್ತದೆ, ಅವ್ವನ ಸೆರಗು ಬಿಡುವುದಿಲ್ಲ. ಹೊಡೆಯಬೇಡಿ, ಹಂಗಿಸಬೇಡಿ. ಆದಷ್ಟು ಬೇಗ ಶಾಲೆ ತೆರೆಯುವುದು ಅವರಿಗೆ ದೊಡ್ಡ ಉಪಕಾರ.

ತಪ್ಪು ಕಲ್ಪನೆ: ನೆರೆ ಕಂಡವರೆಲ್ಲ ರೋಗಿಗಳೇ. ಇದಕ್ಕೆ ಬೆಂಗಳೂರಿನ ಹುಚ್ಚಾಸ್ಪತ್ರೆಯೇ ಗತಿ.

ವಾಸ್ತವ: ಎರಡೂ ತಪ್ಪು. ಜಗತ್ತಿನ ಸುಮಾರು 70% ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತ ಕಾಣುತ್ತಾರೆ, ಅವರಲ್ಲಿ ಈ ಕಾಯಿಲೆಗೆ ಬೀಳುವವರು 5.6% ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದವರನ್ನು ಮನೆಮಂದಿ, ನೆಂಟರು, ಮತ್ತೆ ಶುರುವಾದ ಗದ್ದೆ ಕೆಲಸ ಮೇಲೆತ್ತುತ್ತವೆ. ಪರಿಹಾರದ ಹಣಕ್ಕೆ ತಾಲ್ಲೂಕು ಕಚೇರಿ ಅಲೆಸಿದಷ್ಟೂ ಈ ಚೇತರಿಕೆ ನಿಧಾನವಾಗುತ್ತದೆ. ಅಧಿಕಾರಿಗಳು ಇದನ್ನು ಆರೋಗ್ಯದ ವಿಷಯವೆಂದೇ ತಿಳಿಯಬೇಕು. ಕಾಯಿಲೆಗೆ ಬಿದ್ದವರಿಗೆ ಮಾತಿನ ಚಿಕಿತ್ಸೆಯಿದೆ, ಬೇಕಾದರೆ ಔಷಧಿಯೂ ಇದೆ. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ತಂಡವೇ ಕೊಡಗಿನ ಪರಿಹಾರ ಕೇಂದ್ರಗಳಿಗೆ ಹೋಗಿತ್ತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶಿವಮೊಗ್ಗದಲ್ಲೂ ಇದೆ. ಶಿಕಾರಿಪುರ, ಸೊರಬದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಅಷ್ಟು ದೂರ ಹೋಗಲಾಗದಿದ್ದರೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಾದರೂ ಸಾಯುವ ಮಾತಾಡಿದರೆ ತಿಂಗಳು ತುಂಬಲೆಂದು ಕಾಯಬೇಡಿ, ಅವತ್ತೇ ಕರೆ ಮಾಡಿ.